ಹೊಸ್ತಿಲಾಚೆ ನಿಲ್ಲಿಸಿದ ಮಾಡ್ಯೂಲುಗಳು: ರೇಡಿಯಸ್ ಸರ್ವರ್ ಬೆಳೆದುಬಂದ ಬಗೆ

ಮೋಡೆಮ್ ಕಿರುಗುಟ್ಟುವ ಸದ್ದು ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿತು. ಆ ದಿನಗಳಲ್ಲಿ ಗಣಕವು ಮೊದಲು ಒಂದು ದೂರವಾಣಿ ಸಂಖ್ಯೆಗೆ ಕರೆ ಮಾಡುತ್ತಿತ್ತು. ಆ ತುದಿಯಲ್ಲಿದ್ದ ಯಂತ್ರ ಹೆಸರೇನು, ಪಾಸ್‌ವರ್ಡ್ ಏನು ಎಂದು ಕೇಳುತ್ತಿತ್ತು. ಉತ್ತರ ಸರಿಯಾಗಿದ್ದರೆ ಮಾತ್ರ ಮುಂದಿನ ದಾರಿ. ಇಂದು ಮೋಡೆಮ್ ಮೂಲೆ ಸೇರಿದೆ. ಆದರೆ ಕಾಲೇಜಿನ ಅಥವಾ ಕಚೇರಿಯ ವೈ-ಫೈ ಜಾಲಕ್ಕೆ ಸೇರಹೊರಟರೆ ಎದುರಾಗುವ ಪ್ರಶ್ನೆಗಳು ಅವೇ ಎರಡು.

ಉತ್ತರ ಸರಿಯೇ ತಪ್ಪೇ ಎಂದು ತೀರ್ಮಾನಿಸುವವರು ಯಾರು? ದೊಡ್ಡದೊಂದು ವಿದ್ಯಾರ್ಥಿನಿಲಯವನ್ನು ಕಲ್ಪಿಸಿಕೊಳ್ಳಿ. ಅದಕ್ಕೆ ಹತ್ತು ಗೇಟುಗಳು, ಒಂದೊಂದು ಗೇಟಿಗೂ ಒಬ್ಬ ಕಾವಲುಗಾರ. ಎಲ್ಲ ವಿದ್ಯಾರ್ಥಿಗಳ ಪಟ್ಟಿಯನ್ನು ಹತ್ತೂ ಕಾವಲುಗಾರರಿಗೆ ಬರೆದುಕೊಟ್ಟರೆ, ಒಬ್ಬ ಹುಡುಗ ನಿಲಯ ಬಿಟ್ಟ ದಿನ ಹತ್ತು ಪಟ್ಟಿಗಳನ್ನು ತಿದ್ದಬೇಕು. ಅದರ ಬದಲು ಪಟ್ಟಿಯನ್ನು ಕಚೇರಿಯಲ್ಲಿ ಒಂದೇ ಕಡೆ ಇಟ್ಟು, ಕಾವಲುಗಾರರು ಫೋನಿನಲ್ಲಿ 'ಇಂಥವರು ಬಂದಿದ್ದಾರೆ, ಬಿಡಲೇ?' ಎಂದು ಕೇಳುವಂತೆ ಮಾಡಿದರೆ ಕೆಲಸ ಹಗುರ. ಜಾಲದಲ್ಲಿ ಕಾವಲುಗಾರನ ಸ್ಥಾನದಲ್ಲಿರುವುದು ಮೋಡೆಮ್‌ಗಳ ಸಾಲು, ವೈ-ಫೈ ಪೆಟ್ಟಿಗೆ ಅಥವಾ ಸ್ವಿಚ್. ಕಚೇರಿಯ ಸ್ಥಾನದಲ್ಲಿರುವುದು ದೃಢೀಕರಣ ಸರ್ವರ್. ಇವೆರಡೂ ಮಾತನಾಡಿಕೊಳ್ಳುವ ಭಾಷೆಯ ಹೆಸರು ರೇಡಿಯಸ್.

ಈ ಕಚೇರಿಯ ಬಳಿ ಯಾವ ಹೊಸ ತಂತ್ರಾಂಶವನ್ನು ಒಳಕ್ಕೆ ಬಿಡಬೇಕು, ಯಾವುದನ್ನು ಇನ್ನೂ ಸ್ವಲ್ಪ ಕಾಲ ಹೊರಗೆ ನಿಲ್ಲಿಸಬೇಕು ಎಂಬುದು ಸಣ್ಣ ಪ್ರಶ್ನೆಯೇನಲ್ಲ. ಜಾಲತಾಣದ ಸರ್ವರಿನಲ್ಲಿ ಒಂದು ಹೊಸ ಭಾಗ ಕೆಟ್ಟರೆ ಒಂದು ಪುಟ ಕಾಣಿಸದೇ ಹೋಗಬಹುದು. ದೃಢೀಕರಣ ಸರ್ವರಿನಲ್ಲಿ ಕೆಟ್ಟರೆ ಒಂದೋ ಎಲ್ಲರೂ ಹೊರಗೆ ಉಳಿಯುತ್ತಾರೆ, ಇಲ್ಲವೇ ಬರಬಾರದವರು ಒಳಗೆ ಬರುತ್ತಾರೆ.

ಮಿಷಿಗನ್‌ನ ಅಗತ್ಯ

ಅಮೆರಿಕದ ಮಿಷಿಗನ್ ರಾಜ್ಯದ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಲಾಭರಹಿತ ಸಂಸ್ಥೆ ಮೆರಿಟ್ ನೆಟ್‌ವರ್ಕ್. 1987ರಿಂದ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬೆನ್ನೆಲುಬು ಜಾಲವನ್ನು ನಡೆಸುವ ಹೊಣೆಯೂ ಅದರ ಮೇಲಿತ್ತು. ಬೇರೆಬೇರೆ ಊರುಗಳಲ್ಲಿದ್ದ ಅದರ ಮೋಡೆಮ್‌ಗಳಿಗೆ ದೂರವಾಣಿ ಮೂಲಕ ಬರುವ ಬಳಕೆದಾರರನ್ನು ಒಂದೇ ಕಡೆಯಿಂದ ಗುರುತಿಸುವ ವ್ಯವಸ್ಥೆ ಬೇಕೆಂದು 1991ರಲ್ಲಿ ಮೆರಿಟ್ ಕಂಪೆನಿಗಳನ್ನು ಕೇಳಿತು. ಕ್ಯಾಲಿಫೋರ್ನಿಯದ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಕಳುಹಿಸಿದ ಉತ್ತರದಲ್ಲಿ ಇಂದಿನ ರೇಡಿಯಸ್‌ನ ರೂಪರೇಖೆ ಇತ್ತು. ಗುತ್ತಿಗೆ ಅದಕ್ಕೇ ದೊರೆಯಿತು.

ಲಿವಿಂಗ್‌ಸ್ಟನ್ ಮಾರುತ್ತಿದ್ದುದು ಪೋರ್ಟ್‌ಮಾಸ್ಟರ್ ಎಂಬ ಮೋಡೆಮ್ ಪೆಟ್ಟಿಗೆಗಳನ್ನು. ಸರ್ವರ್ ತಂತ್ರಾಂಶವನ್ನು ಅದು ಮೂಲಸಂಕೇತದ ಸಮೇತ ಹಂಚಿತು. ಪೆಟ್ಟಿಗೆ ಮಾರಾಟವಾದರೆ ಸಾಕು ಎಂಬ ವ್ಯಾಪಾರಿ ಲೆಕ್ಕ ಅದರ ಹಿಂದಿದ್ದಿರಬೇಕು. ಫಲವಂತೂ ದೊಡ್ಡದಾಯಿತು. ಅಂತರಜಾಲ ಸೇವಾ ಸಂಸ್ಥೆಗಳು ಅಣಬೆಗಳಂತೆ ಎದ್ದ ಆ ವರ್ಷಗಳಲ್ಲಿ ಎಲ್ಲರೂ ಅದನ್ನೇ ಎತ್ತಿಕೊಂಡು ತಮಗೆ ಬೇಕಾದಂತೆ ತಿದ್ದಿ ಬಳಸಿದರು. 1997ರ ಜನವರಿಯಲ್ಲಿ ರೇಡಿಯಸ್ ಆರ್‌ಎಫ್‌ಸಿ 2058 ಎಂಬ ದಾಖಲೆಯಾಗಿ ಪ್ರಕಟವಾಯಿತು. ಕಾರ್ಲ್ ರಿಗ್ನಿ, ಅಲನ್ ರೂಬೆನ್ಸ್, ವಿಲಿಯಂ ಸಿಂಪ್ಸನ್ ಮತ್ತು ಸ್ಟೀವ್ ವಿಲೆನ್ಸ್ ಅದರ ಕರ್ತೃಗಳು. ಅದೇ ವರ್ಷ ಲೂಸೆಂಟ್ ಕಂಪೆನಿಯು ಲಿವಿಂಗ್‌ಸ್ಟನ್ನನ್ನು ಕೊಂಡಿತು.

ಈಗ ಬಳಕೆಯಲ್ಲಿರುವ ಮೂಲ ದಾಖಲೆ 2000ದ ಜೂನ್ ತಿಂಗಳ ಆರ್‌ಎಫ್‌ಸಿ 2865. ಅದರ ಆರಂಭದಲ್ಲೇ ಅಂತರಜಾಲ ಎಂಜಿನಿಯರಿಂಗ್ ಕಾರ್ಯಪಡೆಯ ಹಿರಿಯರು ಒಂದು ಎಚ್ಚರಿಕೆ ಸೇರಿಸಿದ್ದಾರೆ. ಈ ಪ್ರೋಟೋಕಾಲ್ ವ್ಯಾಪಕ ಬಳಕೆಯಲ್ಲಿದ್ದರೂ ದೊಡ್ಡ ವ್ಯವಸ್ಥೆಗಳಲ್ಲಿ ನಿಧಾನವಾಗುವುದು, ದತ್ತಾಂಶ ಕಳೆದುಹೋಗುವುದು ಅನುಭವಕ್ಕೆ ಬಂದಿದೆ ಎಂಬುದು ಅದರ ಸಾರ. ಇದರ ಉತ್ತರಾಧಿಕಾರಿ ಎಂದು ಡಯಾಮೀಟರ್ ಎಂಬ ಇನ್ನೊಂದು ಪ್ರೋಟೋಕಾಲ್ 2003ರಲ್ಲಿ ಬಂದಿತು. ಶಾಲೆಯ ರೇಖಾಗಣಿತ ನೆನಪಿದ್ದವರಿಗೆ ಹೆಸರಿನ ತಮಾಷೆ ಗೊತ್ತಾಗುತ್ತದೆ: ವ್ಯಾಸವು ತ್ರಿಜ್ಯದ ಎರಡರಷ್ಟು. ಡಯಾಮೀಟರ್ ಮೊಬೈಲ್ ಫೋನ್ ಜಾಲಗಳೊಳಗೆ ನೆಲೆ ಕಂಡಿತು. ಕಾಲೇಜು, ಕಚೇರಿ, ಅಂತರಜಾಲ ಸಂಸ್ಥೆಗಳ ಗೇಟಿನಲ್ಲಿ ತ್ರಿಜ್ಯವೇ ಉಳಿಯಿತು.

ರಹಸ್ಯದ ಲೆಕ್ಕ

ಮುಂದಿನ ಕಥೆ ತಿಳಿಯಲು ರೇಡಿಯಸ್ ಒಳಗಿನ ಲೆಕ್ಕವನ್ನು ಸ್ವಲ್ಪ ನೋಡಬೇಕು. ಕಾವಲುಗಾರನಿಗೂ ಕಚೇರಿಗೂ ಮಾತ್ರ ತಿಳಿದಿರುವ ಒಂದು ರಹಸ್ಯಪದ ಇರುತ್ತದೆ. ಕಾವಲುಗಾರ ಕಳುಹಿಸುವ ವಿನಂತಿಯಲ್ಲಿ 16 ಬೈಟ್‌ಗಳ ಒಂದು ಯಾದೃಚ್ಛಿಕ ಸಂಖ್ಯೆ ಇರುತ್ತದೆ. ರಹಸ್ಯಪದವನ್ನೂ ಈ ಸಂಖ್ಯೆಯನ್ನೂ ಜೋಡಿಸಿ ಎಂಡಿ5 ಎಂಬ ಗಣಿತದ ಗಿರಣಿಗೆ ಹಾಕಿದರೆ ಮತ್ತೆ 16 ಬೈಟ್‌ಗಳ ಹಿಟ್ಟು ಬರುತ್ತದೆ. ಅದನ್ನು ಪಾಸ್‌ವರ್ಡಿನ ಮೇಲೆ ಮುಸುಕಿನಂತೆ ಹೊದಿಸುತ್ತಾರೆ.

ಮುಸುಕು ಹೊದಿಸುವುದೆಂದರೆ ಎಕ್ಸಾರ್ ಮಾಡುವುದು. ಪಾಸ್‌ವರ್ಡಿನ ಒಂದು ಅಕ್ಷರದ ಸಂಖ್ಯೆ 65 ಇರಲಿ, ದ್ವಿಮಾನದಲ್ಲಿ 01000001. ಮುಸುಕಿನ ಬೈಟ್ 54, ಅಂದರೆ 00110110. ಅಂಕಿಗಳು ಬೇರೆಯಿದ್ದ ಕಡೆ 1, ಒಂದೇ ಇದ್ದ ಕಡೆ 0 ಬರೆದರೆ 01110111, ಅಂದರೆ 119. ತಂತಿಯ ಮೇಲೆ ಹೋಗುವುದು 119. ಕಚೇರಿಗೂ ರಹಸ್ಯಪದ ಗೊತ್ತಿರುವುದರಿಂದ ಅದು 54ನ್ನು ತಾನೇ ಲೆಕ್ಕ ಹಾಕಿ, 119ರ ಜೊತೆ ಮತ್ತೊಮ್ಮೆ ಎಕ್ಸಾರ್ ಮಾಡಿ 65ನ್ನು ಪಡೆಯುತ್ತದೆ.

ಕಚೇರಿಯ 'ಬಿಡು' ಅಥವಾ 'ಬಿಡಬೇಡ' ಎಂಬ ಉತ್ತರಕ್ಕೂ ಮುದ್ರೆ ಬೇಕಲ್ಲ? ಅದಕ್ಕೂ ಎಂಡಿ5. ಉತ್ತರದ ಎಲ್ಲ ಭಾಗಗಳನ್ನು ಸಾಲಾಗಿಟ್ಟು, ಕೊನೆಯಲ್ಲಿ ರಹಸ್ಯಪದವನ್ನು ಅಂಟಿಸಿ ಗಿರಣಿಗೆ ಹಾಕಿದಾಗ ಬರುವ 16 ಬೈಟ್‌ಗಳೇ ಮುದ್ರೆ. ರಹಸ್ಯಪದ ಕೊನೆಯಲ್ಲಿ ಬರುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಗಮನಿಸಬೇಕಾದ ಇನ್ನೊಂದು ಸಂಗತಿ ಎಂದರೆ ಕಾವಲುಗಾರನ ಸಾಮಾನ್ಯ ವಿನಂತಿಗೆ ಇಂಥ ಮುದ್ರೆ ಕಡ್ಡಾಯವಿರಲಿಲ್ಲ.

ರಾನ್ ರಿವೆಸ್ಟ್ ರಚಿಸಿದ ಎಂಡಿ5 1992ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 1321 ಆಗಿ ಪ್ರಕಟವಾಗಿತ್ತು. ರೇಡಿಯಸ್ ರೂಪುಗೊಳ್ಳುವಾಗ ಅದು ಹೊಸದು, ವೇಗವಾದದ್ದು, ಬಲವಾದದ್ದೆಂದು ನಂಬಿಕೆಯಿದ್ದದ್ದು. ಆ ಕಾಲಕ್ಕೆ ಆ ಆಯ್ಕೆ ತಪ್ಪೆನ್ನುವಂತಿಲ್ಲ.

ಪಠ್ಯಕಡತದ ಒಂದು ಸಾಲು

ಲಿವಿಂಗ್‌ಸ್ಟನ್ ಕೈಬಿಟ್ಟ ಮೂಲಸಂಕೇತವನ್ನು ಮುಂದುವರಿಸಿದವರಲ್ಲಿ ನೆದರ್ಲೆಂಡ್ಸ್‌ನ ಮಿಕ್ವೆಲ್ ಫಾನ್ ಸ್ಮೋರೆನ್‌ಬರ್ಗ್ ಮುಖ್ಯರು. ಲಿನಕ್ಸ್ ಬಳಸಿದ ಹಳಬರಿಗೆ ಅವರ ಕೈಚಳಕ ಇನ್ನೆರಡು ಕಡೆ ಪರಿಚಯ: ಮೋಡೆಮ್ ಜೊತೆ ಮಾತನಾಡುವ ಮಿನಿಕಾಮ್, ಗಣಕ ಎದ್ದೊಡನೆ ಕೆಲಸಗಳನ್ನು ಶುರುಮಾಡುವ ಸಿಸ್‌ವಿಇನಿಟ್. ಅವರ ಸಿಸ್ಟ್ರಾನ್ ರೇಡಿಯಸ್ ಬಹಳ ಕಡೆ ಬಳಕೆಗೆ ಬಂದಿತು. ಆದರೆ ಅದಕ್ಕೂ ಹಳೆಯ ಕಾಯಿಲೆ ಇತ್ತು. ಬಳಕೆದಾರರ ಪಟ್ಟಿಯನ್ನು ಪಠ್ಯಕಡತದಿಂದ ದತ್ತಸಂಚಯಕ್ಕೆ ಸಾಗಿಸಬೇಕೆಂದರೆ ಸರ್ವರಿನ ಹೊಟ್ಟೆಯನ್ನೇ ಕೊಯ್ದು ಹೊಲಿಯಬೇಕು. ಪ್ರತಿಯೊಬ್ಬರೂ ತಮ್ಮದೇ ರೀತಿಯಲ್ಲಿ ಕೊಯ್ದಾಗ ಒಬ್ಬರ ಹೊಲಿಗೆ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ.

1999ರ ಆಗಸ್ಟ್‌ನಲ್ಲಿ ಅವರೂ ಆಲನ್ ಡಿಕಾಕ್ ಎಂಬವರೂ ಸೇರಿ ಫ್ರೀರೇಡಿಯಸ್ ಯೋಜನೆಯನ್ನು ಆರಂಭಿಸಿದರು. ಸರ್ವರಿನ ತಿರುಳು ಚಿಕ್ಕದಾಗಿರಬೇಕು, ಉಳಿದದ್ದೆಲ್ಲ ಬೇಕೆಂದಾಗ ಜೋಡಿಸಿ ಬೇಡವೆಂದಾಗ ತೆಗೆಯಬಹುದಾದ ಮಾಡ್ಯೂಲುಗಳಾಗಿರಬೇಕು ಎಂಬುದು ಅದರ ಯೋಚನೆ. ಪಠ್ಯಕಡತ ಓದಲು ಒಂದು, ದತ್ತಸಂಚಯ ಕೇಳಲು ಒಂದು, ಯುನಿಕ್ಸ್ ಖಾತೆಗಳಿಗೆ ಒಂದು ಹೀಗೆ. 0.1 ಆವೃತ್ತಿ 2001ರ ಮೇ ತಿಂಗಳಲ್ಲಿ ಹೊರಬಂದಿತು.

ಬಾಗಿಲು ತೆರೆದೊಡನೆ ಮಾಡ್ಯೂಲುಗಳು ನಾಲ್ಕೂ ಕಡೆಯಿಂದ ಬಂದವು. ಕೆಲವನ್ನು ಕಂಪೆನಿಗಳು ಬರೆದು ಕೊಟ್ಟವು, ಕೆಲವನ್ನು ಯಾರೋ ತಮ್ಮ ಸಂಸ್ಥೆಯ ಅಗತ್ಯಕ್ಕೆ ಬರೆದುಕೊಂಡು ಊರಿಗೂ ಹಂಚಿದರು. ಎಲ್ಲದರ ಗುಣಮಟ್ಟವೂ ಒಂದೇ ಆಗಿರುವುದು ಸಾಧ್ಯವಿಲ್ಲ. ಒಳಗೆ ಬಿಟ್ಟರೆ ಅಪಾಯ. ತಿರಸ್ಕರಿಸಿದರೆ ಅವನ್ನು ಯಾರೂ ಪರೀಕ್ಷಿಸುವುದಿಲ್ಲ, ಪರೀಕ್ಷಿಸದೆ ಅವು ಬಲಿಯುವುದಿಲ್ಲ. ಇದಕ್ಕೆ ಯೋಜನೆಯವರು ಕಂಡುಕೊಂಡ ದಾರಿ ಬಹಳ ಸರಳ. ಮೂಲಸಂಕೇತದ ಮಾಡ್ಯೂಲುಗಳ ಕಡತಕೋಶದಲ್ಲಿ 'ಸ್ಟೇಬಲ್' ಎಂಬ ಒಂದು ಪಠ್ಯಕಡತ. ಅದರಲ್ಲಿ ಸಾಲಿಗೊಂದರಂತೆ ಹೆಸರುಗಳು. ಸರ್ವರನ್ನು ಕಟ್ಟುವಾಗ ಆ ಪಟ್ಟಿಯಲ್ಲಿರುವ ಮಾಡ್ಯೂಲುಗಳು ಮಾತ್ರ ಸಿದ್ಧವಾಗುತ್ತವೆ. ಪಟ್ಟಿಯಲ್ಲಿಲ್ಲದವು ಅದೇ ಕೋಶದಲ್ಲಿ, ಪಕ್ಕದಲ್ಲೇ ಇದ್ದರೂ ಮುಟ್ಟುವವರಿಲ್ಲ. ಪ್ರಯೋಗಾವಸ್ಥೆಯಿಂದ ಸ್ಥಿರಾವಸ್ಥೆಗೆ ಬಡ್ತಿ ಎಂದರೆ ಆ ಕಡತಕ್ಕೆ ಒಂದು ಸಾಲು ಸೇರುವುದು, ಅಷ್ಟೇ.

ಪಟ್ಟಿಯಾಚೆಯವನ್ನು ಬೇಕೆನ್ನುವವರಿಗೆ ಕಾನ್ಫಿಗರ್ ಹಂತದಲ್ಲಿ ಒಂದು ಆಯ್ಕೆ ಇತ್ತು: '--ವಿತ್-ಎಕ್ಸ್‌ಪೆರಿಮೆಂಟಲ್-ಮಾಡ್ಯೂಲ್ಸ್'. ಸಾಮಾನ್ಯ ಸ್ಥಿತಿಯಲ್ಲಿ ಅದು 'ಇಲ್ಲ'. ಅದನ್ನು ಕೊಟ್ಟರೆ ಕೋಶದಲ್ಲಿರುವ ಎಲ್ಲ ಮಾಡ್ಯೂಲುಗಳೂ ಕಟ್ಟಲು ನಿಲ್ಲುತ್ತವೆ. ಈ ಆಯ್ಕೆ ಒರಟು ಎಂದೇ ನನ್ನ ಅಭಿಪ್ರಾಯ. ಒಂದು ಬೇಕೆಂದು ಕೇಳಿದವನಿಗೆ ಹತ್ತು ಬಡಿಸುತ್ತದೆ. ಒಂದೇ ಸಾಕೆನ್ನುವ ಜಾಣರು ಆ ಪಠ್ಯಕಡತಕ್ಕೆ ತಾವೇ ಒಂದು ಸಾಲು ಸೇರಿಸಿಕೊಳ್ಳಬಹುದಿತ್ತು.

ಕಟ್ಟುವುದು ಮೊದಲ ಮೆಟ್ಟಿಲು ಮಾತ್ರ. ಎರಡನೆಯದು ಸಂರಚನೆ. ಪ್ರಯೋಗಾವಸ್ಥೆಯ ಮಾಡ್ಯೂಲುಗಳ ಮಾದರಿ ಸಂರಚನೆಗಳನ್ನು 'ಎಕ್ಸ್‌ಪೆರಿಮೆಂಟಲ್.ಕಾನ್ಫ್' ಎಂಬ ಬೇರೆಯೇ ಕಡತದಲ್ಲಿ ಇಟ್ಟಿದ್ದರು. ಇವು ಸಾಮಾನ್ಯವಾಗಿ ಕಟ್ಟುವ ಸರ್ವರಿಗೆ ಸೇರಿಲ್ಲ ಎಂದು ಅದರ ತಲೆಯಲ್ಲೇ ಟಿಪ್ಪಣಿ. ಬೇಕಾದ ತುಂಡನ್ನು ಮುಖ್ಯ ಸಂರಚನೆಗೆ ತರಬೇಕು. ಮೂರನೆಯದು ಕರೆ. ವಿನಂತಿಯೊಂದು ಸರ್ವರಿನೊಳಗೆ ಹಲವು ಕೊಠಡಿಗಳನ್ನು ಹಾದುಹೋಗುತ್ತದೆ: ಬಳಕೆದಾರ ಯಾರೆಂದು ಹುಡುಕುವ ಆಥರೈಜ್, ಪಾಸ್‌ವರ್ಡ್ ತಾಳೆ ನೋಡುವ ಆಥೆಂಟಿಕೇಟ್, ಬಳಕೆಯ ಲೆಕ್ಕ ಬರೆಯುವ ಅಕೌಂಟಿಂಗ್ ಇತ್ಯಾದಿ. ಯಾವ ಕೊಠಡಿಯಲ್ಲಿ, ಯಾವುದರ ನಂತರ ಹೊಸ ಮಾಡ್ಯೂಲಿನ ಸರದಿ ಎಂದು ಹೆಸರಿಸಬೇಕು. ಮಾಡ್ಯೂಲ್ ತನ್ನ ಕೆಲಸ ಮುಗಿಸಿ 'ಸರಿ', 'ಸಿಗಲಿಲ್ಲ', 'ತಿರಸ್ಕರಿಸು', 'ಕೆಟ್ಟಿತು' ಮುಂತಾದ ಒಂದು ಉತ್ತರ ಕೊಡುತ್ತದೆ. ಮುಂದಿನದಕ್ಕೆ ಹೋಗಬೇಕೋ ಅಲ್ಲೇ ನಿಲ್ಲಬೇಕೋ ಎಂಬುದು ಆ ಉತ್ತರದ ಮೇಲೆ ನಿಂತಿದೆ.

ಈ ಮೂರರಲ್ಲಿ ಎಡವುವುದು ಸುಲಭ. ಸಂರಚನೆ ಬರೆದು ಕಟ್ಟುವುದನ್ನು ಮರೆತರೆ ಮಾಡ್ಯೂಲ್ ಸಿಗಲಿಲ್ಲವೆಂದು ಸರ್ವರ್ ಎದ್ದೇಳುವುದೇ ಇಲ್ಲ. ಕಟ್ಟಿ, ಸಂರಚಿಸಿ, ಕರೆಯುವುದನ್ನು ಮರೆತರೆ ಸರ್ವರ್ ಸುಮ್ಮನೆ ಏಳುತ್ತದೆ, ಮಾಡ್ಯೂಲೂ ಸುಮ್ಮನೆ ಕುಳಿತಿರುತ್ತದೆ. ಎರಡನೆಯದೇ ಹೆಚ್ಚು ಕಾಟ ಕೊಡುವುದು. ಕಟ್ಟುವ ಹಂತದಲ್ಲೂ ಒಂದು ಬಲೆ ಇತ್ತು. ಪರ್ಲ್ ಅಥವಾ ಎಸ್‌ಕ್ಯುಎಲ್ ಗ್ರಂಥಾಲಯ ಗಣಕದಲ್ಲಿ ಇಲ್ಲದಿದ್ದರೆ, ಕಾನ್ಫಿಗರ್ ಆ ಮಾಡ್ಯೂಲನ್ನು 'ಸದ್ದಿಲ್ಲದೆ ಕಟ್ಟುತ್ತಿಲ್ಲ' ಎಂದು ಪರದೆಯ ಮೇಲೆ ಸಾರುತ್ತಿತ್ತು! ಸದ್ದಿಲ್ಲದೆ ಎಂದು ಸದ್ದು ಮಾಡಿ ಹೇಳುವ ಆ ಸಾಲು ನೂರಾರು ಸಾಲುಗಳ ನಡುವೆ ಓಡಿಹೋಗುತ್ತಿದ್ದುದರಿಂದ, ಕೊನೆಗೆ ಅದು ಸದ್ದಿಲ್ಲದ್ದೇ ಆಗುತ್ತಿತ್ತು. ಇಂಥ ಕಡೆ ಆಡಳಿತಗಾರನ ಆಪ್ತಮಿತ್ರ 'ರೇಡಿಯಸ್‌ಡಿ -ಎಕ್ಸ್' ಎಂಬ ಆಜ್ಞೆ. ಯಾವ ಮಾಡ್ಯೂಲ್ ಬಂದಿತು, ಯಾವ ಕೊಠಡಿಯಲ್ಲಿ ಏನು ಉತ್ತರ ಕೊಟ್ಟಿತು ಎಂಬುದನ್ನೆಲ್ಲ ಅದು ಸಾಲುಸಾಲಾಗಿ ತೋರಿಸುತ್ತದೆ.

ಪ್ರಯೋಗಾವಸ್ಥೆಯಲ್ಲಿದ್ದು ಬಡ್ತಿ ಪಡೆದದ್ದಕ್ಕೆ ಒಳ್ಳೆಯ ಉದಾಹರಣೆ ಎಸ್‌ಕ್ಯುಎಲ್‌ಐಪಿಪೂಲ್. ಸಂಪರ್ಕಕ್ಕೆ ಬಂದವರಿಗೆ ಐಪಿ ವಿಳಾಸ ಹಂಚುವುದು ಅದರ ಕೆಲಸ. ಮೊದಲಿದ್ದ ಐಪಿಪೂಲ್ ಮಾಡ್ಯೂಲ್ ಯಾವ ವಿಳಾಸ ಯಾರ ಬಳಿ ಇದೆ ಎಂಬ ಲೆಕ್ಕವನ್ನು ತನ್ನ ಗಣಕದ ಕಡತಗಳಲ್ಲೇ ಇಡುತ್ತಿತ್ತು. ಭದ್ರತೆಗೆಂದು ಎರಡು ಸರ್ವರ್‌ಗಳನ್ನು ಇಟ್ಟರೆ ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯುವುದಿಲ್ಲ; ಒಂದೇ ವಿಳಾಸ ಇಬ್ಬರಿಗೆ ಹೋದರೆ ಇಬ್ಬರ ಸಂಪರ್ಕವೂ ಹಾಳು. ಹೊಸ ಮಾಡ್ಯೂಲ್ ಲೆಕ್ಕವನ್ನು ಇಬ್ಬರಿಗೂ ಸಾಮಾನ್ಯವಾದ ದತ್ತಸಂಚಯಕ್ಕೆ ಒಯ್ದಿತು. 1.1ರ ಸರಣಿಯಲ್ಲಿ ಅದು ಬೇಲಿಯಾಚೆಯೇ ಇತ್ತು. 2008ರ ಜನವರಿಯ 2.0 ಆವೃತ್ತಿಯ ಹೊತ್ತಿಗೆ ಒಳಗೆ ಬಂದಿತು.

ಪರ್ಲ್, ಪೈಥಾನ್ ಮಾಡ್ಯೂಲುಗಳ ಮಾತು ಬೇರೆ. ಅವು ಸ್ವತಃ ಏನನ್ನೂ ಮಾಡುವುದಿಲ್ಲ, ಆಡಳಿತಗಾರ ಬರೆದ ಕಾರ್ಯಕ್ರಮವನ್ನು ಸರ್ವರಿನೊಳಗೆ ಓಡಿಸುತ್ತವೆ. ಹಾಗಾಗಿ ಮಾಡ್ಯೂಲ್ ಎಷ್ಟೇ ಗಟ್ಟಿಯಾಗಿದ್ದರೂ ಒಳಗಿನ ಕಾರ್ಯಕ್ರಮ ಅದನ್ನು ಬರೆದವನಷ್ಟೇ ಗಟ್ಟಿ. ಇಲ್ಲಿನ ಅಪಾಯವನ್ನು ಒಂದು ಲೆಕ್ಕದಿಂದ ನೋಡಬಹುದು. ಫ್ರೀರೇಡಿಯಸ್‌ನ ಜೊತೆಗೆ ಬರುವ ಸಂರಚನೆಯಲ್ಲಿ ಏಕಕಾಲಕ್ಕೆ ಕೆಲಸ ಮಾಡುವ ಎಳೆಗಳ ಮಿತಿ 32. ಪ್ರತಿ ವಿನಂತಿಗೆ ಸೆಕೆಂಡಿನ ನೂರನೇ ಒಂದು ಭಾಗ ಸಾಕಾದರೆ ಸೆಕೆಂಡಿಗೆ 3,200 ವಿನಂತಿಗಳಿಗೆ ಅವಕಾಶ. ಕಾರ್ಯಕ್ರಮವು ದೂರದ ಯಾವುದೋ ಗಣಕದ ಉತ್ತರಕ್ಕೆ ಎರಡು ಸೆಕೆಂಡು ಕಾಯುತ್ತಾ ಕುಳಿತರೆ ಅದು 16ಕ್ಕೆ ಇಳಿಯುತ್ತದೆ. ರೇಡಿಯಸ್ ಓಡುವುದು ಯುಡಿಪಿ ಮೇಲೆ. ಉತ್ತರ ಬಾರದಿದ್ದರೆ ಕಾವಲುಗಾರ ಅದೇ ಪ್ರಶ್ನೆಯನ್ನು ಮತ್ತೆಮತ್ತೆ ಕೇಳುತ್ತಾನೆ, ಸಾಲು ಇನ್ನೂ ಬೆಳೆಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇಡೀ ಕಚೇರಿ ಒಟ್ಟಿಗೆ ವೈ-ಫೈ ಸೇರುವಾಗಲೇ ಇದು ಕಾಣಿಸಿಕೊಳ್ಳುವುದು; ಆಡಳಿತಗಾರ ರಾತ್ರಿ ಒಬ್ಬನೇ ಕುಳಿತು ಪರೀಕ್ಷಿಸಿದಾಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಐಚ್ಛಿಕ ಎಂಬುದಕ್ಕೆ ತಾಂತ್ರಿಕ ಕಾರಣವೇ ಇರಬೇಕೆಂದಿಲ್ಲ. ವೈ-ಫೈ ಜಾಲಗಳಿಗೆ ಬೇಕಾದ ಇಎಪಿ-ಟಿಎಲ್‌ಎಸ್, ಪಿಇಎಪಿ ಮುಂತಾದ ವಿಧಾನಗಳು ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯವನ್ನು ಆಶ್ರಯಿಸಿವೆ. ಅದರ ಪರವಾನಗಿಗೂ ಫ್ರೀರೇಡಿಯಸ್‌ನ ಜಿಪಿಎಲ್ ಪರವಾನಗಿಗೂ ಹೊಂದಾಣಿಕೆ ಇಲ್ಲವೆಂದು ಡೆಬಿಯನ್ ಲಿನಕ್ಸ್ ಹಲವು ವರ್ಷ ಈ ವಿಧಾನಗಳನ್ನು ತೆಗೆದುಹಾಕಿಯೇ ಫ್ರೀರೇಡಿಯಸ್ ಹಂಚಿತು. ಆಗ ಡೆಬಿಯನ್ ಬಳಸುತ್ತಿದ್ದ ಆಡಳಿತಗಾರರು ಮೂಲಸಂಕೇತ ಇಳಿಸಿಕೊಂಡು ತಾವೇ ಕಟ್ಟಬೇಕಾಗುತ್ತಿತ್ತು. ಪಕ್ವವಾದ ಮಾಡ್ಯೂಲೊಂದು ವಕೀಲರ ಕಾರಣದಿಂದ ಹೊಸ್ತಿಲಾಚೆ ನಿಂತಿತ್ತು. 2.0ರ ಸರಣಿಯಲ್ಲಿ ಇದಕ್ಕೆ ವಿರುದ್ಧವಾದ ವಿಚಿತ್ರವೂ ಇತ್ತು. ಸ್ಥಿರವಾದ ಇಎಪಿ ಮಾಡ್ಯೂಲಿನ ಪಕ್ಕದಲ್ಲೇ, ಹೋಸ್ಟ್‌ಎಪಿ ಯೋಜನೆಯ ಗ್ರಂಥಾಲಯದ ಮೇಲೆ ಕಟ್ಟಿದ ಇಎಪಿ2 ಎಂಬ ಇನ್ನೊಂದು ಪ್ರಯೋಗಾವಸ್ಥೆಯಲ್ಲಿತ್ತು. ಒಂದೇ ಕೆಲಸಕ್ಕೆ ಇಬ್ಬರು ಅಭ್ಯರ್ಥಿಗಳು. ಎರಡನೆಯವರಿಗೆ ಕೆಲಸ ಸಿಗಲಿಲ್ಲ.

3.0 ಆವೃತ್ತಿ 2013ರ ಅಕ್ಟೋಬರಿನಲ್ಲಿ ಬಂದಾಗ ಸಂರಚನೆಯ ರೀತಿ ಬದಲಾಯಿತು. ಎಲ್ಲ ಮಾದರಿಗಳು 'ಮಾಡ್ಸ್-ಅವೈಲಬಲ್' ಕೋಶದಲ್ಲಿರುತ್ತವೆ. ಬೇಕಾದ್ದಕ್ಕೆ 'ಮಾಡ್ಸ್-ಎನೇಬಲ್ಡ್' ಕೋಶದಲ್ಲಿ ಒಂದು ಕೊಂಡಿ ಮಾಡಿದರೆ ಅದು ಚಾಲ್ತಿಗೆ ಬರುತ್ತದೆ. ಕರೆಯುವ ಕಡೆ ಹೆಸರಿನ ಹಿಂದೆ ಒಂದು ಕಿರುಗೆರೆ ಹಾಕಿದರೆ, ಆ ಮಾಡ್ಯೂಲ್ ಇದ್ದರೆ ಬಳಸು, ಇಲ್ಲದಿದ್ದರೆ ತಕರಾರಿಲ್ಲದೆ ಮುಂದೆ ಹೋಗು ಎಂದು ಅರ್ಥ. ಅನುಕೂಲವೇನೋ ಹೌದು. ಆದರೆ ಮಾಡ್ಯೂಲ್ ಮಾಯವಾದದ್ದೂ ತಿಳಿಯದಂತೆ ಮಾಡುವ ಸಾಮರ್ಥ್ಯ ಆ ಪುಟ್ಟ ಗೆರೆಗಿದೆ.

ಬೇಲಿ ಕಾಪಾಡಿದ ಸಲ

2019ರ ಏಪ್ರಿಲ್‌ನಲ್ಲಿ ಮಾಥಿ ವಾನ್‌ಹೂಫ್ ಮತ್ತು ಎಯಾಲ್ ರೋನೆನ್ ಎಂಬ ಸಂಶೋಧಕರು ಡ್ರ್ಯಾಗನ್‌ಬ್ಲಡ್ ಎಂಬ ಹೆಸರಿನಲ್ಲಿ ಹಲವು ದೋಷಗಳನ್ನು ಬಹಿರಂಗಪಡಿಸಿದರು. ಅವುಗಳಲ್ಲಿ ಕೆಲವು ಫ್ರೀರೇಡಿಯಸ್‌ನ ಇಎಪಿ-ಪಿಡಬ್ಲ್ಯುಡಿ ಭಾಗಕ್ಕೆ ಸೇರಿದ್ದವು. ಸರ್ವರ್ ಕಳುಹಿಸಿದ ಸಂಖ್ಯೆಗಳನ್ನೇ ಕನ್ನಡಿಯಂತೆ ಹಿಂದಿರುಗಿಸಿದರೆ, ಅಥವಾ ದೀರ್ಘವೃತ್ತೀಯ ವಕ್ರರೇಖೆಯ ಮೇಲಿಲ್ಲದ ಬಿಂದುವೊಂದನ್ನು ಕೊಟ್ಟರೆ, ಪಾಸ್‌ವರ್ಡ್ ತಿಳಿಯದವನೂ ಒಳಗೆ ಬರಬಹುದಿತ್ತು. ಬಂದ ಬಿಂದು ರೇಖೆಯ ಮೇಲಿದೆಯೇ ಎಂದು ನೋಡುವ ಪರೀಕ್ಷೆಯೇ ಅಲ್ಲಿರಲಿಲ್ಲ. ದೃಢೀಕರಣ ಸರ್ವರಿನಲ್ಲಿ ಇದಕ್ಕಿಂತ ಗಂಭೀರ ದೋಷ ಇರಲಾರದು.

ಆದರೂ ಅನಾಹುತದ ವ್ಯಾಪ್ತಿ ಚಿಕ್ಕದಾಗಿತ್ತು. ಕಾರಣ, ಆ ವಿಧಾನ ಸಾಮಾನ್ಯ ಸಂರಚನೆಯಲ್ಲಿ ಚಾಲ್ತಿಯಲ್ಲಿರಲಿಲ್ಲ. ಬೇಕೆಂದವರು ಕೈಯಾರೆ ತೆರೆದರೆ ಮಾತ್ರ ಇತ್ತು. 3.0.19 ಆವೃತ್ತಿಯಲ್ಲಿ ದೋಷ ನಿವಾರಣೆಯಾಯಿತು. ಬಳಸದ ಬಾಗಿಲಿಗೆ ಬೀಗ ಹಾಕಿಡಬೇಕು ಎಂಬ ಅಭ್ಯಾಸದ ಬೆಲೆ ಇಂಥ ಕಡೆ ಗೊತ್ತಾಗುತ್ತದೆ.

ಬೇಲಿಯೊಳಗಿನ ಬಿರುಕು

ಹಾಗಾದರೆ ಬೇಲಿಯೊಳಗಿದ್ದದ್ದೆಲ್ಲ ಭದ್ರವೇ? ಎಂಡಿ5 ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಎರಡು ಬೇರೆ ಧಾನ್ಯಗಳನ್ನು ಹಾಕಿದರೂ ಒಂದೇ ಹಿಟ್ಟು ಬರುವುದನ್ನು ಡಿಕ್ಕಿ ಎನ್ನುತ್ತಾರೆ. 1996ರಲ್ಲಿ ಜರ್ಮನಿಯ ಹಾನ್ಸ್ ಡೊಬರ್ಟಿನ್ ಎಂಡಿ5 ಗಿರಣಿಯ ಒಳಭಾಗದಲ್ಲಿ ಡಿಕ್ಕಿಯೊಂದನ್ನು ತೋರಿಸಿದ್ದರು. 2004ರ ಆಗಸ್ಟ್‌ನಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಇಡೀ ಎಂಡಿ5ಗೇ ಡಿಕ್ಕಿಗಳನ್ನು ಮಂಡಿಸಿದರು. 2007ರಲ್ಲಿ ಮಾರ್ಕ್ ಸ್ಟೀವನ್ಸ್ ಮತ್ತಿಬ್ಬರು ಇನ್ನೊಂದು ಹೆಜ್ಜೆ ಹೋದರು: ನಮಗೆ ಬೇಕಾದ ಎರಡು ಭಿನ್ನ ಆರಂಭಗಳನ್ನು ಕೊಟ್ಟು, ಅವುಗಳ ಬಾಲಕ್ಕೆ ಅರ್ಥವಿಲ್ಲದ ಬೈಟ್‌ಗಳನ್ನು ಜೋಡಿಸಿ ಡಿಕ್ಕಿ ಹೊಡೆಸುವುದು. 2008ರ ಡಿಸೆಂಬರಿನಲ್ಲಿ ಅವರಿದ್ದ ತಂಡ ಸುಮಾರು 200 ಪ್ಲೇಸ್ಟೇಷನ್ 3 ಆಟದ ಪೆಟ್ಟಿಗೆಗಳನ್ನು ಜೋಡಿಸಿ ಜಾಲತಾಣಗಳ ಭದ್ರತಾ ಪ್ರಮಾಣಪತ್ರವನ್ನೇ ನಕಲು ಮಾಡಿ ತೋರಿಸಿತು. ಮಕ್ಕಳ ಆಟಿಕೆಯಿಂದ ಇಂಥ ಕೆಲಸ!

ಜಾಲಲೋಕ ಎಂಡಿ5ನ್ನು ಕೈಬಿಡತೊಡಗಿತು. ರೇಡಿಯಸ್ ಮಾತ್ರ ಬಿಡಲಿಲ್ಲ. ಹೀಗೆ ಡಿಕ್ಕಿ ಹೊಡೆಸಿ ರೇಡಿಯಸ್‌ನಲ್ಲಿ ಯಾರೂ ಏನೂ ಸಾಧಿಸಲಾರರು, ರಹಸ್ಯಪದ ಇದೆಯಲ್ಲ ಎಂಬ ಸಮಾಧಾನ. 2024ರ ಜುಲೈ 9ರಂದು ಸಂಶೋಧಕರ ತಂಡವೊಂದು ಆ ಸಮಾಧಾನವನ್ನು ಕೆಡಿಸಿತು. ಶರಾನ್ ಗೋಲ್ಡ್‌ಬರ್ಗ್, ಮಿರೊ ಹಾಲರ್, ನಾಡಿಯಾ ಹೆನಿಂಗರ್ ಮೊದಲಾದವರಿದ್ದ ಆ ತಂಡದಲ್ಲಿ ಅದೇ ಮಾರ್ಕ್ ಸ್ಟೀವನ್ಸ್ ಕೂಡ ಇದ್ದರು. ಆ ದಾಳಿಗೆ ಅವರು ಕೊಟ್ಟ ಹೆಸರು ಬ್ಲಾಸ್ಟ್-ರೇಡಿಯಸ್.

ಕಾವಲುಗಾರನಿಗೂ ಕಚೇರಿಗೂ ನಡುವಿನ ತಂತಿಯಲ್ಲಿ ಕಳ್ಳನೊಬ್ಬ ಕುಳಿತಿದ್ದಾನೆ. ಅವನು ಗೇಟಿನಲ್ಲಿ ತಪ್ಪು ಪಾಸ್‌ವರ್ಡ್ ಕೊಡುತ್ತಾನೆ. ವಿನಂತಿಗೆ ಮುದ್ರೆ ಇಲ್ಲದ್ದರಿಂದ, ಅದು ಹಾದುಹೋಗುವಾಗ ಅದರೊಳಗೆ ಪ್ರಾಕ್ಸಿ-ಸ್ಟೇಟ್ ಎಂಬ ಭಾಗವನ್ನು ಸೇರಿಸಿ ತಾನು ಲೆಕ್ಕ ಹಾಕಿದ ಬೈಟ್‌ಗಳನ್ನು ತುಂಬುತ್ತಾನೆ. ನಿಯಮದ ಪ್ರಕಾರ ಸರ್ವರ್ ಆ ಭಾಗವನ್ನು ಹಾಗೆಯೇ ಉತ್ತರದಲ್ಲಿ ನಕಲು ಮಾಡಬೇಕು. ಹೀಗೆ ಸರ್ವರ್ ಕಳುಹಿಸುವ 'ಬಿಡಬೇಡ' ಉತ್ತರದೊಳಗೆ ಕಳ್ಳನ ಬೈಟ್‌ಗಳು ಸೇರುತ್ತವೆ. ಕಳ್ಳ ಬೇರೆ ಬೈಟ್‌ಗಳಿರುವ ಒಂದು 'ಬಿಡು' ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದಾನೆ. ಎಂಡಿ5 ಗಿರಣಿ ಎಡದಿಂದ ಬಲಕ್ಕೆ ತುಂಡುತುಂಡಾಗಿ ಅರೆಯುತ್ತದೆ. ಎರಡೂ ಉತ್ತರಗಳು ಒಂದು ಹಂತದಲ್ಲಿ ಡಿಕ್ಕಿ ಹೊಡೆದ ಮೇಲೆ, ಕೊನೆಯಲ್ಲಿ ಅಂಟಿಸಿದ ರಹಸ್ಯಪದ ಏನೇ ಆಗಿದ್ದರೂ ಎರಡರ ಹಿಟ್ಟೂ ಒಂದೇ! ರಹಸ್ಯಪದ ತಿಳಿಯದೆಯೇ ಕಳ್ಳನಿಗೆ ಮುದ್ರೆ ಸಿಕ್ಕಿತು. 'ಬಿಡಬೇಡ' ತೆಗೆದು 'ಬಿಡು' ಇಟ್ಟು ಮುಂದಕ್ಕೆ ಕಳುಹಿಸಿದರೆ ಗೇಟು ತೆರೆಯುತ್ತದೆ. ತಂಡವು ಈ ಡಿಕ್ಕಿಯನ್ನು ಕೆಲವು ನಿಮಿಷಗಳಲ್ಲಿ ಸಾಧಿಸಿತು. ಸಾಮಾನ್ಯ ಉಪಕರಣಗಳು ಅಷ್ಟು ಹೊತ್ತು ಉತ್ತರಕ್ಕೆ ಕಾಯುವುದಿಲ್ಲ, ಆದರೆ ಹೆಚ್ಚು ಗಣಕಗಳಿದ್ದವರು ಆ ಸಮಯವನ್ನು ತಗ್ಗಿಸಬಲ್ಲರು.

ಇದಕ್ಕೆ ಮದ್ದು ಹೊಸದಾಗಿ ಹುಡುಕಬೇಕಾಗಿರಲಿಲ್ಲ. ಮೆಸೇಜ್-ಆಥೆಂಟಿಕೇಟರ್ ಎಂಬ ಭಾಗ 2000ದ ಜೂನ್‌ನಲ್ಲೇ ಆರ್‌ಎಫ್‌ಸಿ 2869ರಲ್ಲಿ ಇತ್ತು. ಅದು ರಹಸ್ಯಪದವನ್ನು ಎಚ್‌ಮ್ಯಾಕ್ ಎಂಬ ಬೇರೆ ಬಗೆಯಲ್ಲಿ ಬೆರೆಸುತ್ತದೆ. ಮೇಲಿನ ಉಪಾಯ ಅಲ್ಲಿ ನಡೆಯದು. ಇಎಪಿ ಇರುವ ವಿನಂತಿಗಳಿಗೆ ಅದು ಕಡ್ಡಾಯ, ಉಳಿದವಕ್ಕೆ ಐಚ್ಛಿಕ. ಹಾಗಾಗಿ ಇಎಪಿ ಬಳಸುವ ವೈ-ಫೈ ಜಾಲಗಳು ಈ ದಾಳಿಗೆ ಸಿಗಲಿಲ್ಲ. ಜಗತ್ತಿನ ವಿಶ್ವವಿದ್ಯಾಲಯಗಳನ್ನು ರೇಡಿಯಸ್ ಸರಪಳಿಯಿಂದ ಬೆಸೆದಿರುವ ಎಡುರೋಮ್ ಕೂಡ ಇಂಥದ್ದೇ. ಭಾರತದಲ್ಲಿ ಅದರ ಹೊಣೆ ಅರ್ನೆಟ್‌ನದು; 1986ರಲ್ಲಿ ಅರ್ನೆಟ್ ಆರಂಭವಾದಾಗ ಕೈಜೋಡಿಸಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಿಕ್ಕಿಬಿದ್ದದ್ದು ಸರಳ ಪಾಸ್‌ವರ್ಡ್ ಕಳುಹಿಸುವ ಹಳೆಯ ಬಗೆಯ ಬಳಕೆಗಳು. ರೌಟರ್‌ಗಳ ಆಡಳಿತಕ್ಕೆ ಪ್ರವೇಶಿಸುವುದು ಅವುಗಳಲ್ಲೊಂದು.

ಅದೇ ತಿಂಗಳು ಬಂದ ಫ್ರೀರೇಡಿಯಸ್ 3.2.5ರಲ್ಲಿ 'ರಿಕ್ವೈರ್_ಮೆಸೇಜ್_ಆಥೆಂಟಿಕೇಟರ್' ಎಂಬ ಸಂರಚನೆ ಸೇರಿತು. ಅದಕ್ಕೆ ಹೌದು, ಇಲ್ಲ, ತಾನಾಗಿ ಎಂಬ ಮೂರು ಬೆಲೆಗಳು. 'ತಾನಾಗಿ' ಎಂದಿಟ್ಟರೆ ಸರ್ವರ್ ಪ್ರತಿ ಕಾವಲುಗಾರನ ಮೊದಲ ವಿನಂತಿಯನ್ನು ನೋಡುತ್ತದೆ. ಅದರಲ್ಲಿ ಆ ಮುದ್ರೆ ಇದ್ದರೆ ಮುಂದೆ ಅವನಿಂದ ಮುದ್ರೆಯಿಲ್ಲದ್ದನ್ನು ಒಪ್ಪುವುದಿಲ್ಲ. ಹಳೆಯ ಪೆಟ್ಟಿಗೆಗಳನ್ನು ಒಂದೇ ದಿನ ಹೊರಹಾಕಲಾಗದು ಎಂಬ ವಾಸ್ತವಕ್ಕೆ ಮಾಡಿಕೊಂಡ ರಾಜಿ ಇದು. ಕೈಗೆ ಎಟುಕುವ ಸಂಸ್ಥೆಗಳು 'ಹೌದು' ಎಂದೇ ಇಡುವುದು ಒಳ್ಳೆಯದು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ರೇಡಿಯಸ್ ಸಂವಾದವನ್ನು ಪೂರ್ತಿಯಾಗಿ ಟಿಎಲ್‌ಎಸ್ ಕೊಳವೆಯೊಳಗೆ ಸಾಗಿಸುವ ವಿಧಾನ 2012ರ ಮೇ ತಿಂಗಳಲ್ಲೇ ಆರ್‌ಎಫ್‌ಸಿ 6614 ಆಗಿ ಪ್ರಕಟವಾಗಿತ್ತು. ಎಂಡಿ5 ಲೆಕ್ಕ ಅಲ್ಲೂ ಉಳಿದಿದೆ, ಆದರೆ ಅದರ ರಹಸ್ಯಪದ ಎಲ್ಲರಿಗೂ ತಿಳಿದ 'ರಾಡ್‌ಸೆಕ್' ಎಂಬ ಪದ. ಕಾಪಾಡುವ ಕೆಲಸ ಕೊಳವೆಯದ್ದಾದ್ದರಿಂದ ಪದ ಯಾವುದಾದರೇನು ಎಂಬ ಧೋರಣೆ. ಫ್ರೀರೇಡಿಯಸ್ 3.0ರಿಂದಲೇ ಇದು ಲಭ್ಯ. ಎಂಡಿ5 ಮುದ್ರೆಯ ಆರ್‌ಎಫ್‌ಸಿ 2865ರ ಹಣೆಯ ಮೇಲಿರುವುದು ಮಾನಕದ ಹಾದಿಯಲ್ಲಿರುವ ದಾಖಲೆ ಎಂಬ ಚೀಟಿ. ಆರ್‌ಎಫ್‌ಸಿ 6614ರ ಹಣೆಯ ಮೇಲಿರುವ ಚೀಟಿ 'ಪ್ರಾಯೋಗಿಕ'. ಖರೀದಿಯ ಷರತ್ತುಗಳನ್ನು ಬರೆಯುವವರು ನೋಡುವುದು ಈ ಚೀಟಿಗಳನ್ನೇ. ಪ್ರಾಯೋಗಿಕ ಎಂದಿದ್ದನ್ನು ಕಡ್ಡಾಯ ಮಾಡಲು ಯಾವ ಅಧಿಕಾರಿ ತಾನೇ ಸಹಿ ಹಾಕುತ್ತಾನೆ? ಹನ್ನೆರಡು ವರ್ಷ ಕೊಳವೆ ಹೊಸ್ತಿಲಾಚೆ ನಿಂತಿತ್ತು, ಬಿರುಕುಬಿಟ್ಟ ಮುದ್ರೆ ಒಳಗೆ ಕೆಲಸ ಮಾಡುತ್ತಿತ್ತು. ಆ ಚೀಟಿಯನ್ನು ಬದಲಿಸುವ ಕೆಲಸವನ್ನು ಅಂತರಜಾಲ ಎಂಜಿನಿಯರಿಂಗ್ ಕಾರ್ಯಪಡೆಯ ರೇಡಿಯಸ್ ಗುಂಪು ಕೈಗೆತ್ತಿಕೊಂಡಿದೆ. ಈ ಮಧ್ಯೆ ಫ್ರೀರೇಡಿಯಸ್ ಆಡಳಿತಗಾರರು ಮಾಡಬೇಕಾದ್ದು ಇಷ್ಟು: 'ಸೈಟ್ಸ್-ಅವೈಲಬಲ್' ಕೋಶದ 'ಟಿಎಲ್‌ಎಸ್' ಕಡತಕ್ಕೆ 'ಸೈಟ್ಸ್-ಎನೇಬಲ್ಡ್' ಕೋಶದಲ್ಲಿ ಒಂದು ಕೊಂಡಿ ಮಾಡಿ, ಪ್ರಮಾಣಪತ್ರಗಳ ದಾರಿಯನ್ನು ತುಂಬಿ, ಟಿಸಿಪಿ 2083ನೇ ಪೋರ್ಟನ್ನು ತೆರೆದು, ಒಮ್ಮೆ 'ರೇಡಿಯಸ್‌ಡಿ -ಎಕ್ಸ್' ಓಡಿಸಿ ನೋಡುವುದು.